ಕಲೆಗೆ ಆಶ್ರಯವು ಹುಟ್ಟೂರಿನಲ್ಲಿಯೂ ದೊರೆಯಲಿ



ಆಶ್ರಯವಿಲ್ಲದೆ ಕಲೆಯು ಬಾಳಲಾರದು. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರೀತೀರದ ರುದ್ರಪಟ್ಟಣವು ಸಂಗೀತಗಾರರ ಊರೆಂದು ವಿಖ್ಯಾತವಾದುದು. 1920ರಲ್ಲಿ ಅಲ್ಲಿ ಜನಿಸಿದ ವಿದ್ವಾನ್ ಆರ್. ಕೆ. ಶ್ರೀಕಂಠನ್ ಅವರು ಆಕಾಶವಾಣಿಯಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿ, ಅನೇಕ ಶಿಷ್ಯರಿಗೆ ವಿದ್ಯಾದಾನ ಮಾಡಿ, 2011ರಲ್ಲಿ ಪದ್ಮಭೂಷಣ ಪ್ರಶಸ್ತಿಗೆ ಪಾತ್ರರಾದರು. ಸರ್ಕಾರದ ಸಂಸ್ಥೆಯೊಂದು ವಿದ್ವಾಂಸರಿಗೆ ಜೀವನೋಪಾಯವನ್ನು ಒದಗಿಸಿದರೆ ಎಂತಹ ಫಲವು ದೊರೆಯುವುದೆಂಬುದಕ್ಕೆ ಇದೇ ನಿದರ್ಶನವು. ಆದರೆ ಆ ಉದ್ಯೋಗವು ದೊರೆತುದು ದೂರದ ನಗರದಲ್ಲಿ, ಹುಟ್ಟೂರಿನಲ್ಲಲ್ಲ.

ಆದಕಾರಣ ಹಾಸನದ ಕಲಾಕ್ಷೇತ್ರವೊಂದರಿಂದಲೇ ತೃಪ್ತರಾಗದೆ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿಯೂ ವೇತನ ಪಡೆಯುವ ಗುರುಗಳುಳ್ಳ ಸಂಗೀತಶಾಲೆಗಳು ನಡೆಯಬೇಕೆಂದು ಮಹಾಜನರು ಒಕ್ಕೊರಲಿನಿಂದ ಕೇಳತಕ್ಕದ್ದು. 1977ರಲ್ಲಿ ರಾಜ್ಯದಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ಏರ್ಪಟ್ಟುದು ಇಂತಹ ಕಾರ್ಯಕ್ಕಾಗಿಯೇ ಅಲ್ಲವೇ? ವೇತನವನ್ನು ಸರ್ಕಾರವು ಕೊಡಲಿ. ಸ್ಥಳವನ್ನು ಊರಿನವರು ಕೊಡಲಿ. ಕಲಿಯುವ ಬಡಮಕ್ಕಳಿಗೆ ಅನ್ನಾಶ್ರಯವನ್ನು ಮಠಗಳು ಕೊಡಲಿ.