ಪಾತ್ರೆಯ ಇನ್ನೊಂದು ಹಿಡಿ



ಹಬ್ಬದ ದಿನ ಊಟದ ಚಪ್ಪರದ ಹಿಂದೆ ಇಬ್ಬರು ಸೇರಿ ಅನ್ನದ ದೊಡ್ಡ ಪಾತ್ರೆಯನ್ನು ಒಲೆಯಿಂದ ಇಳಿಸುವುದನ್ನು ನೀವೆಲ್ಲರೂ ನೋಡಿದ್ದೀರಿ. ‘ಎತ್ತು’ ಎಂದು ಯಾರೂ ಹೇಳುವುದಿಲ್ಲ. ಒಬ್ಬನು ಬಾಗುವಷ್ಟರಲ್ಲಿ ಇನ್ನೊಬ್ಬನ ಕೈ ಸಿದ್ಧವಾಗಿರುತ್ತದೆ. ಪಕ್ಕದಲ್ಲೇ ಮೂರನೆಯವನೊಬ್ಬ ನಿಂತಿರುತ್ತಾನೆ. ಅವನು ಕೈ ಚಾಚಿದರೂ ಆ ಇಬ್ಬರ ಗಮನಕ್ಕೆ ಬರುವುದಿಲ್ಲ. ಇಂದು ಆ ಮೂರನೆಯವನ ಬಗ್ಗೆ ಸ್ವಲ್ಪ ಚಿಂತಿಸೋಣ.

ಇತರರು ಮಾಡುವ ಕೆಲಸವನ್ನು ನಾವು ನೋಡುವಾಗ ನಮ್ಮ ಮೆದುಳು ಸುಮ್ಮನಿರುವುದಿಲ್ಲ. ಇಟಲಿಯ ಪಾರ್ಮಾ ವಿಶ್ವವಿದ್ಯಾಲಯದಲ್ಲಿ ಜಾಕೊಮೊ ರಿಜೊಲಾಟಿ ಮತ್ತು ಅವರ ಸಂಗಡಿಗರು ಕೋತಿಗಳ ಮೆದುಳನ್ನು ಅಭ್ಯಸಿಸುತ್ತಿದ್ದರು. ಕೋತಿ ತಾನೇ ವಸ್ತುವನ್ನು ಎತ್ತಿಕೊಳ್ಳುವಾಗ ಚುರುಕಾಗುತ್ತಿದ್ದ ಕೆಲವು ನರಕೋಶಗಳು, ಸಂಶೋಧಕನು ಅದನ್ನು ಎತ್ತಿಕೊಳ್ಳುವುದನ್ನು ನೋಡಿದಾಗಲೂ ಚುರುಕಾದವು. 1992ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆ ಕೋಶಗಳಿಗೆ ಮುಂದೆ ‘ಕನ್ನಡಿ ನರಕೋಶಗಳು’ ಎಂಬ ಹೆಸರು ಬಂತು.

ಆದರೆ ಈ ಕನ್ನಡಿ ಎಲ್ಲರನ್ನೂ ಒಂದೇ ರೀತಿ ತೋರಿಸುವುದಿಲ್ಲ. ಬ್ಯಾಲೆ ಮತ್ತು ಬ್ರೆಜಿಲ್ ದೇಶದ ಕಪೊಯೆರಾ ಕಲಾವಿದರಿಗೆ ಎರಡೂ ಕಲೆಗಳ ಚಲನೆಗಳನ್ನು ತೋರಿಸಿ ಮಾಡಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ತಾನು ಕಲಿತ ಕಲೆಯನ್ನು ನೋಡುವಾಗಲೇ ಅವರವರ ಮೆದುಳು ಹೆಚ್ಚು ಸ್ಪಂದಿಸಿತ್ತು. ನಮ್ಮ ದೇಹಕ್ಕೆ ಪರಿಚಯವಿರುವುದನ್ನು ನಾವು ಬೇಗ ಗುರುತಿಸುತ್ತೇವೆ.

2010ರಲ್ಲಿ ಡಿಮಿಟ್ರಿಯೋಸ್ ಕೂರ್ಟಿಸ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ತಲೆಯ ಮೇಲೆ ವಿದ್ಯುದ್ವಾರಗಳನ್ನಿರಿಸಿ ಮೆದುಳಿನ ಸೂಕ್ಷ್ಮ ವಿದ್ಯುತ್ ಅಲೆಗಳನ್ನು ಅಳೆದರು. ತನ್ನೊಡನೆ ಸೇರಿ ಕೆಲಸ ಮಾಡುವ ಸಂಗಾತಿ ಏನೋ ಮಾಡಲಿದ್ದಾನೆ ಎನ್ನುವಾಗ, ನೋಡುವವನ ಮೆದುಳಿನಲ್ಲಿ ಚಲನೆಗೆ ಸಂಬಂಧಿಸಿದ ಚಟುವಟಿಕೆ ಮುಂಚಿತವಾಗಿಯೇ ಹೆಚ್ಚಾಯಿತು. ಜೊತೆಗೂಡದ ಮೂರನೆಯ ವ್ಯಕ್ತಿಯ ವಿಷಯದಲ್ಲಿ ಅದು ಕಡಿಮೆಯಿತ್ತು. ಸಂಶೋಧಕರು ಇದನ್ನು ಪಕ್ಷಪಾತವೆಂದೇ ಕರೆದರು.

ಸಹೋದರರೇ, ಈ ಪ್ರಯೋಗ ಪ್ರೀತಿಯನ್ನು ಅಳೆದಿಲ್ಲ. ಅಳೆದದ್ದು ಮೈಯ ಸಿದ್ಧತೆಯನ್ನು ಮಾತ್ರ. ಹಾಗಿದ್ದರೂ ಇದರಲ್ಲಿ ನಮಗೊಂದು ಎಚ್ಚರಿಕೆಯಿದೆ. ನಮಗೆ ಯಾರ ಮೇಲೂ ದ್ವೇಷವಿಲ್ಲ ಎಂದು ಹೇಳಿಕೊಳ್ಳುತ್ತೇವೆ. ನಿಜವಿರಬಹುದು. ಆದರೆ ದ್ವೇಷವಿಲ್ಲದೆಯೂ ಒಬ್ಬ ಮನುಷ್ಯನನ್ನು ಕಾಣದೇ ಇರಲು ಸಾಧ್ಯ. ದೂರದ ಊರಿನಿಂದ ಕೂಲಿಗೆ ಬಂದು ನಮ್ಮ ಬೀದಿಯಲ್ಲೇ ವಾಸಿಸುವ ಕುಟುಂಬ, ಗಂಡನನ್ನು ಕಳೆದುಕೊಂಡ ಮೇಲೆ ಹಿಂದಿನ ಬೆಂಚಿಗೆ ಸರಿದ ತಾಯಿ, ಮಾತು ತಡವರಿಸುವ ಹುಡುಗ - ಇವರೆಲ್ಲ ನಮ್ಮ ನಡುವೆಯೇ ಇದ್ದಾರೆ. ಅವರ ಕೈ ಚಾಚುತ್ತದೆ, ನಮ್ಮ ಕೈ ಏಳುವುದಿಲ್ಲ.

ಇದರಲ್ಲಿ ಒಂದು ಭರವಸೆಯೂ ಇದೆ. ಆ ಪ್ರಯೋಗದಲ್ಲಿ ಮೆದುಳು ಕುಲ ಕೇಳಲಿಲ್ಲ, ಊರು ಕೇಳಲಿಲ್ಲ. ಒಟ್ಟಾಗಿ ಮಾಡಿದ ಒಂದು ಸಣ್ಣ ಕೆಲಸವೇ ಸಂಗಾತಿಯನ್ನು ಸಂಗಾತಿಯನ್ನಾಗಿ ಮಾಡಿತು. ಹಾಗಾದರೆ ಮೂರನೆಯವನು ಎಂದೆಂದಿಗೂ ಮೂರನೆಯವನಾಗಿಯೇ ಉಳಿಯಬೇಕಿಲ್ಲ.

ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಹಬ್ಬ ಬಂದಾಗ ಅಂಥವರನ್ನು ಕರೆದು ಎಲೆ ಹಾಕಿ ಬಡಿಸುತ್ತೇವೆ. ಒಳ್ಳೆಯದೇ. ಆದರೆ ಬಡಿಸುವವರು ನಾವು, ಉಣ್ಣುವವರು ಅವರು ಎಂಬ ಗೆರೆ ಹಾಗೆಯೇ ಉಳಿಯುತ್ತದೆ. ಕೆಲಸದಲ್ಲಿ ಪಾಲು ಕೊಟ್ಟಾಗ ಮಾತ್ರ ಆ ಗೆರೆ ಅಳಿಯಲು ತೊಡಗುತ್ತದೆ. ತೋರಣ ಕಟ್ಟುವಾಗ ಹಗ್ಗದ ಇನ್ನೊಂದು ತುದಿಯನ್ನು ಆ ಹುಡುಗನ ಕೈಗೆ ಕೊಡಿ. ತರಕಾರಿ ಹೆಚ್ಚುವಾಗ ಆ ತಾಯಿಯ ಪಕ್ಕದಲ್ಲಿ ಕುಳಿತುಕೊಳ್ಳಿ. ಕೂಲಿಗೆ ಬಂದ ಅಣ್ಣನನ್ನು ಒಲೆಯ ಬಳಿಗೆ ಕರೆದು, ‘ಸ್ವಲ್ಪ ಹಿಡಿಯಪ್ಪಾ’ ಎನ್ನಿ.

ಪಾತ್ರೆಗೆ ಎರಡು ಹಿಡಿಗಳಿವೆ. ಒಂದನ್ನು ನೀವು ಹಿಡಿಯಿರಿ. ಇನ್ನೊಂದನ್ನು ಇದುವರೆಗೆ ದೂರ ನಿಂತವರಿಗಾಗಿ ಬಿಡಿ. ಮೊದಲ ದಿನ ಅನ್ನ ಸ್ವಲ್ಪ ಚೆಲ್ಲಬಹುದು. ಮುಂದಿನ ಹಬ್ಬದ ಹೊತ್ತಿಗೆ, ಅವರು ಬಾಗುವ ಮೊದಲೇ ನಿಮ್ಮ ಕೈ ಸಿದ್ಧವಾಗಿರುತ್ತದೆ.

ಎಲ್ಲರಿಗೂ ಹಬ್ಬದ ಶುಭಾಶಯಗಳು.