ವಯಸ್ಸಿಗೆ ತಕ್ಕ ಯೋಗ



ಯೋಗಾಭ್ಯಾಸದ ಮಾತೆತ್ತಿದೊಡನೆ ನಮ್ಮ ಜನ ಕೊಡುವ ಉತ್ತರಗಳಿಗೆ ಸ್ವಲ್ಪ ಕಿವಿಗೊಟ್ಟರೆ ಒಂದು ವಿಚಿತ್ರವಾದ ಸಂಗತಿ ಗೋಚರವಾಗದೆ ಇರದು. ಕಾಲೇಜಿಗೆ ಹೋಗುವ ತರುಣನು ಅದೆಲ್ಲ ನಿವೃತ್ತರಾದವರ ಕಾಲಕ್ಷೇಪವೆನ್ನುತ್ತಾನೆ. ನಿವೃತ್ತರಾದವರು, ಮೈ ಬಗ್ಗುವ ಪ್ರಾಯದಲ್ಲಿ ಮಾಡಬೇಕಾಗಿದ್ದುದನ್ನು ಈಗ ಮಾಡಿ ಫಲವೇನೆಂದು ನಿಟ್ಟುಸಿರಿಡುತ್ತಾರೆ. ಇವರಿಬ್ಬರ ನಡುವೆ ಸಂಸಾರದ ನೊಗಕ್ಕೆ ಹೆಗಲು ಕೊಟ್ಟಿರುವ ಗೃಹಸ್ಥನೂ ಗೃಹಿಣಿಯೂ, ಪುರುಸೊತ್ತು ದೊರೆತಾಗ ನೋಡೋಣವೆಂದು ಮಾತನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಹೀಗೆ ಪ್ರತಿಯೊಬ್ಬರೂ ಯೋಗವನ್ನು ತಮ್ಮದಲ್ಲದ ವಯಸ್ಸಿಗೆ ದಾಟಿಸಿಬಿಡುವುದರಿಂದ, ಎಲ್ಲರಿಗೂ ಸಲ್ಲಬೇಕಾದ ವಿದ್ಯೆಯು ಯಾರಿಗೂ ಸಲ್ಲದೆ ಉಳಿಯುತ್ತದೆ. ಈ ಹೊತ್ತು ನಾನು ತಮ್ಮಲ್ಲಿ ಅರಿಕೆ ಮಾಡಬೇಕೆಂದಿರುವುದು ಇಷ್ಟೆ: ಒಂದೊಂದು ವಯಸ್ಸಿಗೂ ಅದರದೇ ಆದ ಯೋಗವುಂಟು, ಅದನ್ನು ಅರಿತು ಆಚರಿಸಿದವರಿಗೆ ಅದರ ಫಲವೂ ಆಯಾ ವಯಸ್ಸಿಗೆ ತಕ್ಕಂತೆ ದೊರೆಯುತ್ತದೆ.

ಇದು ನನ್ನ ಮಾತಲ್ಲ, ಪ್ರಾಚೀನರ ಮಾತು. ಹದಿನೈದನೆಯ ಶತಮಾನದ್ದೆಂದು ವಿದ್ವಾಂಸರು ಎಣಿಸುವ ಸ್ವಾತ್ಮಾರಾಮಯೋಗಿಯ ಹಠಯೋಗಪ್ರದೀಪಿಕೆಯು, ಯುವಕನಾಗಲಿ ವೃದ್ಧನಾಗಲಿ, ಅತಿವೃದ್ಧನಾಗಲಿ ರೋಗಿಯಾಗಲಿ ದುರ್ಬಲನಾಗಲಿ, ಆಲಸ್ಯವೊಂದನ್ನು ತೊರೆದು ಅಭ್ಯಾಸ ಮಾಡಿದವನಿಗೆ ಸಿದ್ಧಿ ದೊರೆಯುವುದೆಂದು ತನ್ನ ಮೊದಲನೆಯ ಉಪದೇಶದಲ್ಲಿಯೇ ಸಾರುತ್ತದೆ. ಪತಂಜಲಿ ಮಹರ್ಷಿಯಂತೂ ಇನ್ನೂರಕ್ಕೆ ತುಸು ಕಡಮೆಯಾದ ತನ್ನ ಸೂತ್ರಗಳ ಪೈಕಿ ಕೇವಲ ಮೂರನ್ನು ಆಸನದ ವಿಷಯಕ್ಕೆ ಮೀಸಲಿಟ್ಟು, ಆಸನವು ಸ್ಥಿರವಾಗಿಯೂ ಸುಖವಾಗಿಯೂ ಇರತಕ್ಕದ್ದು, ಪ್ರಯತ್ನದ ಬಿಗುವು ಅಲ್ಲಿ ಸಡಿಲವಾಗತಕ್ಕದ್ದು ಎಂಬಷ್ಟನ್ನೇ ಬಯಸುತ್ತಾನೆ. ಕಾಲನ್ನು ಕತ್ತಿನ ಹಿಂದಕ್ಕೆ ಒಯ್ಯಬೇಕೆಂಬ ವಿಧಿ ಅಲ್ಲೆಲ್ಲಿಯೂ ಕಾಣದು. ಪ್ರದರ್ಶನಗಳನ್ನೂ ಚಿತ್ರಪಟಗಳನ್ನೂ ಕಂಡು, ಮೈಯನ್ನು ಹೇಗೆಂದರೆ ಹಾಗೆ ಮಣಿಸಬಲ್ಲವನೇ ಯೋಗಿ ಎಂಬ ಭ್ರಮೆ ನಮ್ಮಲ್ಲಿ ಬೇರೂರಿರುವುದು ಈ ವಿದ್ಯೆಗೆ ಆಗಿರುವ ದೊಡ್ಡ ಅಪಚಾರವೆಂದೇ ನಾನು ತಿಳಿದಿದ್ದೇನೆ.

ವಯೋಭೇದವನ್ನು ಅರಿತು ಯೋಗವನ್ನು ಬೋಧಿಸುವ ಕ್ರಮಕ್ಕೆ ನಮ್ಮ ಕಾಲದಲ್ಲಿ ಮತ್ತೆ ಜೀವ ತುಂಬಿದವರು ನಮ್ಮ ನಾಡಿನವರೇ ಎಂಬುದನ್ನು ಸಂತೋಷದಿಂದ ನೆನೆಯಬೇಕು. ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರಿಗೆ ಮೈಸೂರಿನ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ದೊರೆತು, 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವರ ಯೋಗಶಾಲೆ ನೆಲೆಗೊಂಡಿತು. ಅಲ್ಲಿಗೆ ಬರುತ್ತಿದ್ದವರಲ್ಲಿ ಬಹುಮಂದಿ ಬಾಲಕರು, ತರುಣರು. ಅವರಿಗೆ ಆಚಾರ್ಯರು ಕಲಿಸಿದ್ದು, ಒಂದೊಂದು ಉಸಿರಿಗೆ ಒಂದೊಂದು ಚಲನೆಯನ್ನು ಹೊಂದಿಸಿ, ಹಾರಿ, ನೆಗೆದು, ಮೈ ಬೆವರುವಂತೆ ಮಾಡುವ ಆಸನಗಳ ಮಾಲೆಯನ್ನು. ಅಷ್ಟಾಂಗ ವಿನ್ಯಾಸದ ಹೆಸರಿನಲ್ಲಿ ಅವರ ಶಿಷ್ಯರಾದ ಪಟ್ಟಾಭಿ ಜೋಯಿಸರು ಮುಂದೆ ಲೋಕಕ್ಕೆಲ್ಲ ಹಂಚಿದ್ದು ಆ ದಿನಗಳ ಪಾಠವನ್ನೇ. 1934ರ ಯೋಗಮಕರಂದವನ್ನೂ 1941ರ ಯೋಗಾಸನಗಳು ಎಂಬ ಪುಸ್ತಕವನ್ನೂ ಆಚಾರ್ಯರು ಬರೆದದ್ದು ಕನ್ನಡದಲ್ಲಿ.

ಆದರೆ ಅದೇ ಗುರು 1950ರ ದಶಕದಲ್ಲಿ ಮದರಾಸಿಗೆ ಹೋಗಿ ನೆಲೆಸಿ, ನಡುವಯಸ್ಕರನ್ನೂ ರೋಗಿಗಳನ್ನೂ ವೃದ್ಧರನ್ನೂ ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಪಾಠ ಹೇಳತೊಡಗಿದಾಗ, ಅವರ ಕ್ರಮವೇ ಬೇರೆಯಾಯಿತು. ಬಂದವರ ವಯಸ್ಸು, ವೃತ್ತಿ, ದೇಹಬಲ, ವ್ಯಾಧಿ ಇವುಗಳನ್ನು ವಿಚಾರಿಸಿ, ನಾಡಿಯನ್ನು ನೋಡಿ, ಅವರಿಗೆ ಒಪ್ಪುವಷ್ಟನ್ನೇ ವಿಧಿಸುವರು. ಬಾಲಕನಿಗೆ ಹಾರಿಕೆ, ಮುದುಕನಿಗೆ ಹಾಸಿಗೆಯ ಮೇಲೆಯೇ ತೋಳೆತ್ತಿ ಇಳಿಸುವ ಚಲನೆ. ಆದರೆ ಎರಡರಲ್ಲಿಯೂ ಉಸಿರಿನ ನಿಯಮ ಒಂದೇ. ತಮ್ಮ ತೊಂಬತ್ತಾರನೆಯ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದಾಗ, ಮಲಗಿದಲ್ಲಿಯೇ ಮಾಡಬಹುದಾದ ಅಭ್ಯಾಸವನ್ನು ಅವರು ತಮಗೆ ತಾವೇ ವಿಧಿಸಿಕೊಂಡರು. ನೂರು ವರ್ಷ ತುಂಬಿದ ಮೇಲೆ, 1989ರಲ್ಲಿ ಅವರು ದೇಹವನ್ನು ಬಿಟ್ಟರು.

ತಮ್ಮ ಪರಂಪರೆಯ ನಾಥಮುನಿಗಳಿಂದ ಬಂದದ್ದೆಂದು ಅವರು ಹೇಳುತ್ತಿದ್ದ ಯೋಗರಹಸ್ಯದ ಉಪದೇಶದಲ್ಲಿ ಮನುಷ್ಯನ ಆಯುಸ್ಸಿಗೆ ಅನುಗುಣವಾಗಿ ಮೂರು ಕ್ರಮಗಳು ಬರುತ್ತವೆ. ಬೆಳೆಯುವ ದೇಹಕ್ಕೆ ಸೃಷ್ಟಿಕ್ರಮ. ಸಂಸಾರದ ಹೊಣೆ ಹೊತ್ತವನ ಆರೋಗ್ಯವನ್ನು ಕಾಪಾಡುವುದಕ್ಕೆ ಸ್ಥಿತಿಕ್ರಮ. ಲೌಕಿಕದ ಹೊರೆ ಇಳಿದ ವಯಸ್ಸಿನಲ್ಲಿ ಪ್ರಾಣಾಯಾಮಕ್ಕೂ ಧ್ಯಾನಕ್ಕೂ ಪ್ರಾಧಾನ್ಯ ಕೊಡುವ ಅಂತ್ಯಕ್ರಮ. ಈ ವಿಭಾಗವು ದೇಹಧರ್ಮವನ್ನು ಎಷ್ಟು ಸೂಕ್ಷ್ಮವಾಗಿ ಗಮನಿಸಿ ಮಾಡಿದ್ದೆಂಬುದು, ಇಂದಿನ ಶರೀರಶಾಸ್ತ್ರದ ಬೆಳಕಿನಲ್ಲಿ ನೋಡಿದಾಗ ಇನ್ನಷ್ಟು ಸ್ಪಷ್ಟವಾಗುತ್ತದೆ.

ಬಾಲ್ಯದ ವಿಷಯವನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇನೆ. ಮಗುವಿಗೆ ಚಲನೆಯೇ ಆನಂದ. ಅದನ್ನು ಕಣ್ಣುಮುಚ್ಚಿ ಕೂರಿಸುವುದಕ್ಕಿಂತ ಸೂರ್ಯನಮಸ್ಕಾರದಂಥ ಚುರುಕಾದ ಅಭ್ಯಾಸಕ್ಕೆ ಹಚ್ಚುವುದು ಲೇಸು. ಮೂಳೆಯ ಸಾಂದ್ರತೆ ಮೂವತ್ತನೆಯ ವರ್ಷದ ಆಸುಪಾಸಿನವರೆಗೆ ಮಾತ್ರ ಕೂಡುತ್ತ ಹೋಗಿ, ಆಮೇಲೆ ಇದ್ದುದನ್ನು ಉಳಿಸಿಕೊಳ್ಳುವುದಷ್ಟೇ ನಮ್ಮ ಪಾಲಿಗೆ ಬರುವುದರಿಂದ, ಕೈಕಾಲುಗಳ ಮೇಲೆ ಮೈಭಾರವನ್ನು ಹೊರಿಸುವ ವ್ಯಾಯಾಮ ಎಳೆಯ ವಯಸ್ಸಿನಲ್ಲಿ ಮುಂದಿನ ಬಾಳಿಗೆಲ್ಲ ಮೂಲಧನವಾಗುತ್ತದೆ. ಉಸಿರನ್ನು ಬಹಳ ಹೊತ್ತು ಹಿಡಿದಿಡುವ ಕುಂಭಕ ಮಕ್ಕಳಿಗೆ ಬೇಡ. ಬಹುಮಾನದ ಆಸೆಯಿಂದ ಎಳೆಯ ಕೀಲುಗಳನ್ನು ಮಿತಿಮೀರಿ ಬಗ್ಗಿಸುವ ಸ್ಪರ್ಧೆಗಳನ್ನಂತೂ ನಾನು ಮೆಚ್ಚಲಾರೆ.

ಮಧ್ಯವಯಸ್ಸಿನ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕಾಗಿದೆ; ಏಕೆಂದರೆ ರಕ್ತದ ಒತ್ತಡ, ಸಕ್ಕರೆ ಕಾಯಿಲೆ, ಬೆನ್ನುನೋವು, ನಿದ್ರಾಹೀನತೆ ಇವುಗಳೆಲ್ಲ ಮನೆಯೊಳಗೆ ಕಾಲಿಡುವುದು ಈ ಕಾಲದಲ್ಲಿಯೇ. ದಿನವೆಲ್ಲ ಮೇಜಿನ ಮುಂದೆ ಬಾಗಿ ಕುಳಿತವರ ಬೆನ್ನು, ಸಂಜೆಯ ಹೊತ್ತಿಗೆ ನಿಮಿರಬೇಕೆಂದರೂ ನಿಮಿರಲೊಲ್ಲದು. ದೀರ್ಘಕಾಲದ ಬೆನ್ನುನೋವಿಗೆ ಔಷಧಕ್ಕೆ ಮೊದಲು ಪ್ರಯೋಗಿಸಿ ನೋಡಬಹುದಾದ ಉಪಾಯಗಳಲ್ಲಿ ಯೋಗವನ್ನೂ ಅಮೆರಿಕದ ವೈದ್ಯಸಂಸ್ಥೆಯೊಂದು 2017ರ ತನ್ನ ಮಾರ್ಗಸೂಚಿಯಲ್ಲಿ ಸೇರಿಸಿರುವುದು ಗಮನಾರ್ಹ. ಆದರೆ ಈ ವಯಸ್ಸಿನವರಿಗೆ ಯೋಗದಿಂದ ದೊರೆಯುವ ಪರಮೋಪಕಾರ ಉಸಿರಿನದು ಎಂದು ನನ್ನ ನಂಬಿಕೆ, ಮತ್ತು ಅದನ್ನು ಮಾತಿನಿಂದ ಒಪ್ಪಿಸುವುದಕ್ಕಿಂತ ತಮ್ಮ ಅನುಭವಕ್ಕೆ ತರುವುದು ಮೇಲು.

ಕೇಳುತ್ತಿರುವವರು ದಯವಿಟ್ಟು ಕುಳಿತಲ್ಲಿಯೇ ಬೆನ್ನನ್ನು ನೆಟ್ಟಗೆ ಮಾಡಿಕೊಂಡು, ಬಲಗೈಯ ಮೂರು ಬೆರಳುಗಳನ್ನು ಎಡಗೈಯ ಮಣಿಕಟ್ಟಿನ ಮೇಲೆ, ಹೆಬ್ಬೆರಳ ಬುಡದ ಕಡೆಗೆ, ಮೆಲ್ಲಗೆ ಇಟ್ಟು ನಾಡಿಯ ಮಿಡಿತವನ್ನು ಹಿಡಿಯಿರಿ. ಈಗ ಮೂಗಿನಿಂದ ನಿಧಾನವಾಗಿ ಉಸಿರನ್ನು ಒಳಕ್ಕೆ ತೆಗೆದುಕೊಳ್ಳಿರಿ. ಅದಕ್ಕಿಂತಲೂ ನಿಧಾನವಾಗಿ, ಎಲ್ಲಿಯೂ ಮುಕ್ಕರಿಯದೆ, ಹೊರಕ್ಕೆ ಬಿಡಿರಿ. ಉಸಿರನ್ನು ಎಳೆಯುವ ಪೂರಕದಲ್ಲಿ ನಾಡಿ ತುಸು ತ್ವರೆಯಾಗಿಯೂ ಬಿಡುವ ರೇಚಕದಲ್ಲಿ ತುಸು ನಿಧಾನವಾಗಿಯೂ ಮಿಡಿಯುವುದು ಹಲವರ ಬೆರಳಿಗೆ ತಿಳಿದುಬರುವುದು. ಹೃದಯಕ್ಕೆ ವಿಶ್ರಾಂತಿಯ ಸೂಚನೆಯನ್ನು ಒಯ್ಯುವ ವೇಗಸ್ ಎಂಬ ನರವು ಉಸಿರನ್ನು ಬಿಡುವಾಗ ಹೆಚ್ಚು ಪ್ರಭಾವಶಾಲಿಯಾಗಿರುವುದೇ ಇದಕ್ಕೆ ಕಾರಣ. ವಿಶ್ರಾಂತಿಯಲ್ಲಿರುವ ವಯಸ್ಕರು ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಬಾರಿ ಉಸಿರಾಡುತ್ತಾರೆ. ಅದನ್ನು ಸುಮಾರು ಆರಕ್ಕೆ ಇಳಿಸಿದಾಗ ಹೃದಯದ ಗತಿಯೂ ರಕ್ತದ ಒತ್ತಡವೂ ಉಸಿರಿನ ತಾಳಕ್ಕೆ ಹೊಂದಿಕೊಂಡು ಏರಿಳಿಯತೊಡಗುತ್ತವೆ. ಈ ನಾಡಿಯ ಏರಿಳಿತ ತರುಣರಲ್ಲಿ ಸ್ಫುಟವಾಗಿದ್ದು, ಪ್ರಾಯ ಸಂದಂತೆಲ್ಲ ಕ್ಷೀಣಿಸುವುದು ಸಹಜವಾದುದರಿಂದ, ತಮ್ಮ ಬೆರಳಿಗೆ ಅದು ತಿಳಿಯದೆ ಹೋದರೆ ಹಿರಿಯರು ಚಿಂತಿಸಬೇಕಾಗಿಲ್ಲ. ಕೋಪ ಬಂದಾಗ ಉಸಿರು ಬಿರುಸಾಗುವುದನ್ನು ಎಲ್ಲರೂ ಬಲ್ಲೆವು. ಉಸಿರನ್ನು ಹದಗೊಳಿಸಿ ಮನಸ್ಸನ್ನು ಹದಕ್ಕೆ ತರಬಹುದೆಂಬುದನ್ನು ಕಂಡುಕೊಂಡದ್ದು ಪ್ರಾಣಾಯಾಮದ ಹಿರಿಮೆ. ಕಚೇರಿಯ ಕಲಹವನ್ನು ಮನೆಗೆ ಹೊತ್ತು ತರುವವರು ಬಾಗಿಲಲ್ಲಿ ಹತ್ತು ಉಸಿರು ನಿಂತು ಒಳಗೆ ಬಂದರೆ, ಆ ಮನೆಯ ಮಕ್ಕಳಿಗೆ ಅದರಿಂದಾಗುವ ಲಾಭ ಅಲ್ಪವಲ್ಲ.

ಸ್ತ್ರೀಯರಿಗೆ ಯೋಗವು ವಿಹಿತವೇ ಎಂಬ ಶಂಕೆ ಒಂದು ಕಾಲದಲ್ಲಿ ಇತ್ತು. ರೀಗಾ ನಗರದಲ್ಲಿ 1899ರಲ್ಲಿ ಹುಟ್ಟಿ, ನಲವತ್ತರ ಸಮೀಪಕ್ಕೆ ಬಂದಿದ್ದ ಇಂದ್ರಾದೇವಿ ಎಂಬ ಮಹಿಳೆ ಮೈಸೂರಿನ ಯೋಗಶಾಲೆಗೆ ಬಂದಾಗ ಕೃಷ್ಣಮಾಚಾರ್ಯರು ಮೊದಲು ಒಲ್ಲೆನೆಂದರು. ಮಹಾರಾಜರ ಮಾತಿಗೆ ಒಪ್ಪಿ ಕಲಿಸಿದ ಮೇಲೆ, ಇತರರಿಗೆ ಬೋಧಿಸುವಂತೆ ಅವರೇ ಆಕೆಗೆ ಹೇಳಿದರು. ಆಕೆ 2002ರಲ್ಲಿ ತೀರಿಕೊಂಡಾಗ ನೂರೆರಡು ವರ್ಷ ತುಂಬಿತ್ತು. ಆದರೂ ಗರ್ಭಿಣಿಯರು ಬಲ್ಲವರ ಹಾಗೂ ವೈದ್ಯರ ಸಲಹೆಯಿಲ್ಲದೆ ಯಾವುದನ್ನೂ ತೊಡಗಬಾರದು; ಮುಟ್ಟು ನಿಂತ ಮೇಲೆ ಮೂಳೆಯ ಬಲ ಬೇಗನೆ ಕುಗ್ಗುವುದರಿಂದ, ನಿಂತು ಮಾಡುವ ಆಸನಗಳನ್ನು ಆ ವಯಸ್ಸಿನವರು ಬಿಡಬಾರದು.

ಇನ್ನು ವೃದ್ಧಾಪ್ಯ. ಹಿಂದೆ ನಮ್ಮ ಮನೆಗಳಲ್ಲಿ ಜನ ಮಣೆ ಹಾಕಿಕೊಂಡು ಉಣ್ಣುತ್ತಿದ್ದರು. ಒರಳಿನ ಮುಂದೆ ಕುಳಿತು ರುಬ್ಬುತ್ತಿದ್ದರು. ಅಂಗಳದಲ್ಲಿ ಬಾಗಿ ರಂಗೋಲಿಯಿಡುತ್ತಿದ್ದರು. ಚಾಪೆ ಹಾಸಿ ಮಲಗಿ ಎದ್ದು ಅದನ್ನು ಸುತ್ತಿಡುತ್ತಿದ್ದರು. ಯಾರೂ ಯೋಗವೆಂದು ಕರೆಯದಿದ್ದರೂ, ನೆಲಕ್ಕೆ ಕುಳಿತೇಳುವ ಆ ದೈನಂದಿನ ಕರ್ಮವೇ ಸೊಂಟಕ್ಕೂ ಮಂಡಿಗೂ ತಕ್ಕ ಸಾಧನೆಯಾಗಿತ್ತು. ಮೇಜು ಕುರ್ಚಿ ಮಂಚಗಳು ಬಂದಮೇಲೆ ನೆಲ ನಮಗೆ ದೂರವಾಯಿತು. ಬಳಸದ ಬಾಗಿಲಿನ ತಿರುಗಣೆ ತುಕ್ಕು ಹಿಡಿಯುವಂತೆ ಕೀಲುಗಳು ಬಿಗಿದವು. ಎಪ್ಪತ್ತರ ಹಿರಿಯರೊಬ್ಬರು ಮೊಮ್ಮಗುವಿನ ಪಕ್ಕದಲ್ಲಿ ನೆಲದ ಮೇಲೆ ಕೂರಬೇಕಾದರೆ, ಮರಳಿ ಏಳುವುದು ಹೇಗೆಂದು ಮೊದಲೇ ಯೋಚಿಸಬೇಕಾದ ಸ್ಥಿತಿ ಬಂದಿತು.

ಇದಕ್ಕಿಂತಲೂ ಭಯಾನಕವಾದುದು ಬೀಳುವಿಕೆ. ನಾವು ಕೆಡೆಯದೆ ನಿಂತಿರುವುದು ಕಣ್ಣು, ಒಳಕಿವಿ, ಅಂಗಾಲು ಹಾಗೂ ಕೀಲುಗಳು ಮಿದುಳಿಗೆ ಕಳುಹಿಸುವ ವರ್ತಮಾನಗಳ ಬಲದಿಂದ. ವಯಸ್ಸಾದಂತೆ ಇವೆಲ್ಲವೂ ಮಂದವಾಗುತ್ತವೆ, ತೊಡೆಯ ಸ್ನಾಯುಗಳೂ ಸೊರಗುತ್ತವೆ. ಬಚ್ಚಲಿನಲ್ಲಿ ಒಮ್ಮೆ ಕಾಲು ಜಾರಿ ಸೊಂಟದ ಮೂಳೆ ಮುರಿದ ತರುವಾಯ ಮೊದಲಿನಂತೆ ಓಡಾಡಲಾರದೆ ಉಳಿಯುವ ಹಿರಿಯರು ಅನೇಕ. ಸಮತೋಲವಾದರೋ ಅಭ್ಯಾಸದಿಂದ ಯಾವ ವಯಸ್ಸಿನಲ್ಲಿಯೂ ಸುಧಾರಿಸತಕ್ಕ ಗುಣ. ಗೋಡೆಯ ಪಕ್ಕದಲ್ಲಿ ನಿಂತು, ಒಂದು ಅಂಗೈಯನ್ನು ಗೋಡೆಗೆ ತಾಗಿಸಿ, ಒಂದು ಪಾದವನ್ನು ಎತ್ತಿ ಇನ್ನೊಂದು ಕಾಲಿನ ಕಣಕಾಲಿಗೆ ಮಾತ್ರ ಒತ್ತಿ ಹಿಡಿದರೂ ಅದು ಒಂಟಿಕಾಲಿನಲ್ಲಿ ನಿಲ್ಲುವ ವೃಕ್ಷಾಸನವೇ. ನೆಲಕ್ಕೂರಿದ ಪಾದದ ಬೆರಳುಗಳು ಕ್ಷಣಕ್ಷಣಕ್ಕೂ ಅತ್ತಿತ್ತ ಒತ್ತುತ್ತ ಮೈಯನ್ನು ಸರಿದೂಗಿಸುವುದನ್ನು ಅಲ್ಲಿ ಕಣ್ಣಾರೆ ಕಾಣಬಹುದು. ಕೆಲವು ವಾರಗಳಲ್ಲಿ ಅಂಗೈಯ ಬದಲು ಬೆರಳ ತುದಿ ಸಾಕಾಗುತ್ತದೆ.

ಈ ಬಗೆಯ ಆಧಾರಗಳನ್ನು ಒಂದು ಶಾಸ್ತ್ರವನ್ನಾಗಿಯೇ ಬೆಳೆಸಿದವರು ಕೃಷ್ಣಮಾಚಾರ್ಯರ ಶಿಷ್ಯರೂ ಭಾವಮೈದುನರೂ ಆದ ಬಿ. ಕೆ. ಎಸ್. ಅಯ್ಯಂಗಾರರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಬಾಲ್ಯದಲ್ಲಿ ಮಲೇರಿಯ, ವಿಷಮಶೀತಜ್ವರ, ಕ್ಷಯಗಳಿಂದ ಜರ್ಜರಿತರಾಗಿದ್ದ ಅವರು, ಸ್ವಂತ ದೇಹದಲ್ಲಿಯೇ ದೌರ್ಬಲ್ಯವನ್ನು ಕಂಡವರಾದುದರಿಂದ ದುರ್ಬಲರ ಕಷ್ಟವನ್ನು ಬಲ್ಲವರಾಗಿದ್ದರು. ಹಗ್ಗ, ಪಟ್ಟಿ, ಮರದ ಇಟ್ಟಿಗೆ, ಮಡಿಸಿದ ಕಂಬಳಿ, ಕುರ್ಚಿ ಇವುಗಳ ನೆರವಿನಿಂದ, ಬಗ್ಗಲಾರದವರಿಗೂ ಆಸನದ ಫಲ ಸಿಗುವಂತೆ ಪುಣೆಯಲ್ಲಿ ಅವರು ಮಾಡಿದ ಏರ್ಪಾಡು ಇಂದು ಜಗತ್ತಿನಲ್ಲೆಲ್ಲ ಬಳಕೆಯಲ್ಲಿದೆ. ಎಂಬತ್ತು ದಾಟಿದ್ದ ಬೆಲ್ಜಿಯಂ ದೇಶದ ರಾಣಿ ಎಲಿಜಬೆತ್ ಅಯ್ಯಂಗಾರರಿಂದ ಶೀರ್ಷಾಸನವನ್ನು ಕಲಿತರು. ಇದನ್ನು ಎಲ್ಲರೂ ಅನುಕರಿಸಬೇಕೆಂದು ನಾನು ಹೇಳುತ್ತಿಲ್ಲ. ಅಂಥ ಗುರು ಪಕ್ಕದಲ್ಲಿದ್ದಾಗ ವಯಸ್ಸೊಂದೇ ಅಡ್ಡಿಯಾಗದು ಎಂಬುದಕ್ಕೆ ನಿದರ್ಶನವಾಗಿ ಹೇಳಿದೆ.

ಕೆಲವು ಎಚ್ಚರಿಕೆಗಳು ಅವಶ್ಯ. ರಕ್ತದೊತ್ತಡ ಹತೋಟಿಯಲ್ಲಿಲ್ಲದವರೂ ಗ್ಲಾಕೋಮ ಎಂಬ ಕಣ್ಣಿನ ಕಾಯಿಲೆ ಉಳ್ಳವರೂ ತಲೆಕೆಳಗಾಗುವ ಆಸನಗಳ ಗೋಜಿಗೆ ಹೋಗಬಾರದು. ಯೋಗವನ್ನು ತೊಡಗಿದೆವೆಂದು ಸಕ್ಕರೆ ಕಾಯಿಲೆಯ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಅವಿವೇಕ; ಅದನ್ನು ನಿರ್ಧರಿಸತಕ್ಕವರು ವೈದ್ಯರು. ಯಾವ ಆಸನದಲ್ಲಿಯಾದರೂ ಉಸಿರು ಕಟ್ಟುವಂತಾದರೆ, ಮೈ ಒಪ್ಪುತ್ತಿಲ್ಲವೆಂದು ತಿಳಿದು ಅಲ್ಲಿಂದ ಹಿಂದಕ್ಕೆ ಬರಬೇಕು.

ಹಣವಿಲ್ಲದವರಿಗೆ ಇದು ಎಟುಕದೆಂಬ ಮಾತೂ ನಿಲ್ಲಲಾರದು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅನಾಥಸೇವಾಶ್ರಮವನ್ನು ಕಟ್ಟಿದ ರಾಘವೇಂದ್ರ ಸ್ವಾಮಿಗಳು, ತಿರುಕ ಎಂಬ ಹೆಸರಿನಿಂದ ಕನ್ನಡಿಗರಿಗೆಲ್ಲ ಪರಿಚಿತರಾದವರು, ಹಳ್ಳಿಹಳ್ಳಿಗಳಲ್ಲಿ ಶಿಬಿರ ನಡೆಸಿ ರೈತರಿಗೂ ವಿದ್ಯಾರ್ಥಿಗಳಿಗೂ ಆಸನಗಳನ್ನು ಕಲಿಸಿದರು. ಒಂದು ಚಾಪೆ, ಗಾಳಿಯಾಡುವ ಒಂದು ಮೂಲೆ, ಬರಿಯ ಹೊಟ್ಟೆ, ಇಪ್ಪತ್ತು ನಿಮಿಷ ಇದ್ದರೆ ಸಾಕು.

ಆದುದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಇದು. ಊರಿನಲ್ಲಿ ಬಲ್ಲ ಶಿಕ್ಷಕರೊಬ್ಬರನ್ನು ಹುಡುಕಿರಿ. ತಮ್ಮ ವಯಸ್ಸನ್ನೂ ಕಾಯಿಲೆಯನ್ನೂ ಮರೆಮಾಚದೆ ಅವರಿಗೆ ತಿಳಿಸಿರಿ. ಅದನ್ನು ಕೇಳದೆಯೇ ಪಾಠಕ್ಕೆ ತೊಡಗುವವರಾದರೆ ಬೇರೊಬ್ಬರನ್ನು ನೋಡಿರಿ. ಮನೆಯಲ್ಲಿ ಅಜ್ಜಿಯೋ ತಾತನೋ ಇದ್ದರೆ ಅವರಿಗೂ ಗೋಡೆಯ ಬದಿಯಲ್ಲಿ ಒಂದು ಕುರ್ಚಿ ಹಾಕಿಕೊಟ್ಟು ಜೊತೆಗೆ ಸೇರಿಸಿಕೊಳ್ಳಿರಿ.