ಅಂಗೈಯಲ್ಲಿ ಅಂಗಡಿ: ಸಣ್ಣ ವ್ಯಾಪಾರಕ್ಕೆ ಸಾಮಾಜಿಕ ಜಾಲತಾಣ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಐವತ್ತು ವರ್ಷ ತುಂಬಿದ ನಮ್ಮ ಶಾಲೆಯ ಸಂಭ್ರಮದಲ್ಲಿ ಮಾತನಾಡಲು ಅವಕಾಶ ಕೊಟ್ಟ ಸಮಿತಿಯವರಿಗೆ ಧನ್ಯವಾದಗಳು. ಸಾಫ್ಟ್‌ವೇರ್ ಎಂಜಿನಿಯರ್ ಬಂದಿದ್ದಾನೆ, ಐಟಿ ಕಂಪನಿಯಲ್ಲಿ ಕೆಲಸ ಸಿಗುವುದು ಹೇಗೆ ಎಂದು ಹೇಳುತ್ತಾನೆ ಅಂತ ನೀವು ಅಂದುಕೊಂಡಿರಬಹುದು. ನಾನು ಬೇರೆ ವಿಷಯ ಆರಿಸಿಕೊಂಡಿದ್ದೇನೆ. ಸರ್ಕಾರಿ ಪ್ರೌಢಶಾಲೆಗೆ ಬರುವ ಮಕ್ಕಳ ಮನೆಗಳನ್ನು ನೋಡಿ. ಒಬ್ಬರ ತಾಯಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಒಬ್ಬರ ತಂದೆ ಹೂವು ಮಾರುತ್ತಾರೆ. ಇನ್ನೊಬ್ಬರದು ತಿಂಡಿ ಗಾಡಿ, ಮತ್ತೊಬ್ಬರದು ಮರಗೆಲಸ. ಇವರ ಕೈಯಲ್ಲಿ ಕಸುಬಿದೆ, ಈಗ ಫೋನೂ ಇದೆ. ಆ ಫೋನಿನಿಂದ ಕಸುಬಿಗೆ ನಾಲ್ಕು ಕಾಸು ಹೆಚ್ಚು ಬರುವಂತೆ ಮಾಡುವುದು ಹೇಗೆ, ಎಚ್ಚರ ಎಲ್ಲಿ ಬೇಕು ಎನ್ನುವುದೇ ಇಂದಿನ ನನ್ನ ಮಾತು.

ಜಾಹೀರಾತು ನಮ್ಮ ಊರಿಗೆ ಹೊಸದೇನಲ್ಲ. ಮೊದಲ ಮಹಾಯುದ್ಧದಿಂದಾಗಿ ಯುರೋಪಿಗೆ ಶ್ರೀಗಂಧ ಕಳಿಸುವುದು ಕಷ್ಟವಾದಾಗ, ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ ಇಲ್ಲೇ ಗಂಧದೆಣ್ಣೆ ತೆಗೆಯುವ ಉದ್ಯಮ ಶುರುವಾಯಿತು. ಅದರ ಬೆನ್ನಿಗೇ ಮೈಸೂರು ಸ್ಯಾಂಡಲ್ ಸೋಪು ಬಂತು. ಅದನ್ನು ರೂಪಿಸಿದವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಜನ ಅವರನ್ನು ‘ಸೋಪ್ ಶಾಸ್ತ್ರಿ’ ಎಂದೇ ಕರೆದರು. ಉಳಿದ ಸೋಪುಗಳು ಆಯತಾಕಾರದಲ್ಲಿದ್ದಾಗ ಇದು ಅಂಡಾಕಾರದಲ್ಲಿ ಬಂತು. ಡಬ್ಬಿ ಒಡವೆ ಪೆಟ್ಟಿಗೆಯಂತಿತ್ತು, ಮೇಲೆ ಶರಭದ ಗುರುತಿತ್ತು. ಪ್ರಚಾರಕ್ಕೆ ಟ್ರಾಮ್ ಟಿಕೆಟ್, ಬೆಂಕಿಪೊಟ್ಟಣಗಳ ಮೇಲೆ ಸೋಪಿನ ಚಿತ್ರ ಹಾಕಿದರು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ಮಾಡಿದರು.

ಇದರಲ್ಲಿ ಗಮನಿಸಬೇಕಾದದ್ದು ಎರಡು. ಜನರ ಕೈಯಲ್ಲಿ ದಿನವೂ ಓಡಾಡುವ ವಸ್ತುವಿನ ಮೇಲೆ ಅವರು ಜಾಹೀರಾತು ಹಾಕಿದರು. ಅಂದು ಅದು ಬೆಂಕಿಪೊಟ್ಟಣ, ಇಂದು ಮೊಬೈಲು. ಎರಡನೆಯದು ಇನ್ನೂ ಮುಖ್ಯ: ಡಬ್ಬಿಯೊಳಗಿನ ಸೋಪಿನಲ್ಲಿ ನಿಜವಾದ ಗಂಧದೆಣ್ಣೆ ಇತ್ತು. ಒಂಟೆ ನೋಡಿ ಒಮ್ಮೆ ಕೊಂಡವರು ಮತ್ತೆ ಕೊಂಡದ್ದು ಆ ಪರಿಮಳಕ್ಕೆ. ಅದೇ ಸೋಪಿನ ಪ್ರಚಾರಕ್ಕೆ 2025ರಲ್ಲಿ ಚಿತ್ರನಟಿಯೊಬ್ಬರನ್ನು ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿಗೆ ನೇಮಿಸಿದಾಗ ಜಾಲತಾಣಗಳಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ನಮ್ಮ ಹತ್ತಿರ ಅಷ್ಟು ಹಣವಿಲ್ಲ. ಆದ್ದರಿಂದ ಹಣವಿಲ್ಲದವರ ದಾರಿ ನೋಡೋಣ.

ಮೈಸೂರು ಎಂಬ ಹೆಸರಿಗೇ ಬೆಲೆಯಿದೆ. ಮೈಸೂರು ರೇಷ್ಮೆ, ಮೈಸೂರು ಅಗರಬತ್ತಿ, ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ, ಬೀಟೆ ಮರದ ಇನ್‌ಲೇ ಕೆಲಸ, ಗಂಜೀಫಾ ಎಲೆಗಳು, ಮೈಸೂರು ಸಾಂಪ್ರದಾಯಿಕ ಚಿತ್ರಕಲೆ, ಇವೆಲ್ಲಕ್ಕೂ ಜಿಐ ಮಾನ್ಯತೆ ಸಿಕ್ಕಿದೆ. ಹೆಸರಿಗೆ ಬೆಲೆ ಇದ್ದಲ್ಲಿ ನಕಲಿಯೂ ಹುಟ್ಟುತ್ತದೆ. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸೋಪಿನ ಜಾಲ ಸಿಕ್ಕಿಬಿತ್ತು. ಸರ್ಕಾರಿ ಕಂಪನಿಯಾದರೆ ಪೊಲೀಸರಿಗೆ ದೂರು ಕೊಟ್ಟು ದಾಳಿ ಮಾಡಿಸಬಹುದು. ಒಂದು ಕೋಣೆಯಲ್ಲಿ ಕುಳಿತು ಇನ್‌ಲೇ ಮಾಡುವ ಕುಶಲಕರ್ಮಿ ಏನು ಮಾಡಬೇಕು? ಅಚ್ಚು ಹಾಕಿದ ಹಲಗೆಯನ್ನು ‘ಮೈಸೂರು ಕಲೆ’ ಎಂದು ಯಾರೋ ಅರ್ಧ ಬೆಲೆಗೆ ಮಾರಿದರೆ, ಊಟ ಕಳೆದುಕೊಳ್ಳುವವರು ಇವರು.

ಅವರ ಕೈಯಲ್ಲಿರುವ ದೊಡ್ಡ ಸಾಕ್ಷಿ ಅವರ ಕೆಲಸವೇ. ಅರಮನೆಯ ಅಂಬಾವಿಲಾಸಕ್ಕೆ ಹೋಗುವ ಬಾಗಿಲಿನಲ್ಲಿ ಬೀಟೆ ಮರಕ್ಕೆ ಆನೆದಂತ ಕೂರಿಸಿದ ಕುಸುರಿಯನ್ನು ನೀವೆಲ್ಲ ನೋಡಿರುತ್ತೀರಿ. ದಂತದ ವ್ಯಾಪಾರಕ್ಕೆ ಕಾನೂನು ತಡೆ ಹಾಕಿದ ಮೇಲೂ ಕಲೆ ನಿಲ್ಲಲಿಲ್ಲ. ಬೇರೆ ಬೇರೆ ಬಣ್ಣದ ಮರಗಳ ಚೂರುಗಳನ್ನೇ ಸಣ್ಣ ಗರಗಸದಲ್ಲಿ ಕತ್ತರಿಸಿ ಕೂರಿಸುತ್ತಾರೆ. ಆ ಚೂರು ಕತ್ತರಿಸುವುದನ್ನು, ತಗ್ಗಿನಲ್ಲಿ ಕೂರಿಸುವುದನ್ನು, ಪಾಲಿಶ್ ಹಾಕಿದಾಗ ಬಣ್ಣ ಏಳುವುದನ್ನು ಅರ್ಧ ನಿಮಿಷದ ವಿಡಿಯೊದಲ್ಲಿ ತೋರಿಸಿ. ಜೊತೆಗೆ ಯಾವ ಮರ, ಎಷ್ಟು ಅಳತೆ, ಎಷ್ಟು ದಿನದ ಕೆಲಸ, ಎಷ್ಟು ಬೆಲೆ, ಯಾವ ನಂಬರಿಗೆ ಫೋನ್ ಮಾಡಬೇಕು, ಇಷ್ಟನ್ನೂ ಬರೆಯಿರಿ. ನಕಲಿ ಮಾರುವವನು ಫೋಟೊ ಕದಿಯಬಹುದು. ಗಿರಾಕಿ ಕೇಳಿದ ದಿನ ಅವರ ಕಣ್ಣೆದುರೇ ವಿಡಿಯೊ ಕಾಲ್‌ನಲ್ಲಿ ಕೆಲಸ ಮಾಡಿ ತೋರಿಸಲು ಅವನಿಂದ ಆಗುವುದಿಲ್ಲ.

ಈಗ ನನ್ನ ಕಸುಬಿನ ಮಾತು. ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಯೂಟ್ಯೂಬ್‌ಗಳಲ್ಲಿ ಯಾರಿಗೆ ಏನು ತೋರಿಸಬೇಕೆಂದು ತೀರ್ಮಾನಿಸುವುದು ಒಂದು ಪ್ರೋಗ್ರಾಂ. ಜನ ಎಷ್ಟು ಹೊತ್ತು ನೋಡಿದರು, ಬೇರೆಯವರಿಗೆ ಕಳಿಸಿದರೇ, ಕಾಮೆಂಟ್ ಹಾಕಿದರೇ ಎಂಬ ಲೆಕ್ಕ ಅದಕ್ಕೆ ಬೇಕು. ನಿಮ್ಮ ಗಲ್ಲಾಪೆಟ್ಟಿಗೆಯ ಲೆಕ್ಕ ಅದಕ್ಕೆ ಬೇಡ. ದೆಹಲಿಯಲ್ಲಿ ಹತ್ತು ಸಾವಿರ ಜನ ನೋಡಿದ ಮಾತ್ರಕ್ಕೆ ಇಲ್ಲಿನ ಗಾಡಿಯಲ್ಲಿ ಒಂದು ಪ್ಲೇಟ್ ಇಡ್ಲಿ ಹೆಚ್ಚು ಹೋಗುವುದಿಲ್ಲ. ಆದ್ದರಿಂದ ಮೊದಲು ಹತ್ತಿರದ ಗಿರಾಕಿಗೆ ಸಿಗುವಂತಿರಿ. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯ ಹೆಸರು, ಸಮಯ, ಫೋಟೊ ಹಾಕುವುದಕ್ಕೆ ದುಡ್ಡು ಕೊಡಬೇಕಾಗಿಲ್ಲ. ವಾಟ್ಸ್‌ಆ್ಯಪ್ ಬಿಸಿನೆಸ್ 2018ರಿಂದ ಇದೆ. ಅದರಲ್ಲಿ ಸರಕಿನ ಪಟ್ಟಿಯನ್ನು ಬೆಲೆ ಸಮೇತ ಇಡಬಹುದು. ಬ್ರಾಡ್‌ಕಾಸ್ಟ್ ಸಂದೇಶ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಹಾಗಾಗಿ ಬಂದ ಗಿರಾಕಿಗೆ ‘ನಮ್ಮ ನಂಬರ್ ಸೇವ್ ಮಾಡ್ಕೊಳ್ಳಿ ಅಕ್ಕಾ’ ಎಂದು ಕೇಳಿ. ಬ್ಲೌಸ್ ಹೊಲಿಯುವವರು ವರಮಹಾಲಕ್ಷ್ಮಿ ಹಬ್ಬಕ್ಕೆ ಮೂರು ವಾರ ಮೊದಲೇ, ಪ್ರವಾಸಿಗರಿಗೆ ಮಾರುವವರು ದಸರಾಕ್ಕೆ ತಿಂಗಳ ಮೊದಲೇ ತಿಳಿಸಲಿ.

ದುಡ್ಡು ಕೊಟ್ಟು ಜಾಹೀರಾತು ಹಾಕುವುದಾದರೆ, ಅಂಗಡಿಯ ಸುತ್ತ ಇಷ್ಟು ಕಿಲೋಮೀಟರ್ ಒಳಗಿನವರಿಗೆ ಮಾತ್ರ ಎಂದು ಗೊತ್ತುಮಾಡಬಹುದು. ಆದರೆ ಲೆಕ್ಕ ಬರೆಯಲೇಬೇಕು. ಒಂದು ಉದಾಹರಣೆ ಹೇಳುತ್ತೇನೆ, ಮಕ್ಕಳೇ, ಮನಸ್ಸಿನಲ್ಲೇ ಲೆಕ್ಕ ಹಾಕಿ. ಜಾಹೀರಾತಿಗೆ 600 ರೂಪಾಯಿ ಹೋಯಿತು. 30 ಜನ ವಿಚಾರಿಸಿದರು, 5 ಜನ ಬ್ಲೌಸ್ ಹೊಲಿಸಿದರು. ಅಂದರೆ ಒಬ್ಬ ಗಿರಾಕಿಗೆ 120 ರೂಪಾಯಿ ಖರ್ಚು. ಒಂದು ಬ್ಲೌಸಿನಲ್ಲಿ ಉಳಿಯುವುದು 200 ಆದರೆ ಕೈಗೆ 80 ಬಂತು. ಉಳಿಯುವುದು 100 ಆದರೆ ಪ್ರತಿ ಬ್ಲೌಸಿಗೆ 20 ಕೈಬಿಟ್ಟಿತು. ಆದರೆ ಅದೇ ಐವರು ಮುಂದಿನ ಹಬ್ಬಕ್ಕೆ ತಾವಾಗಿಯೇ ಬಂದರೆ ಆಗ ಜಾಹೀರಾತಿನ ಖರ್ಚಿಲ್ಲ. ಹೊಲಿಗೆ ಸರಿಯಿದ್ದು ಹೇಳಿದ ದಿನಕ್ಕೆ ಕೊಟ್ಟರೆ ಮಾತ್ರ ಅವರು ಬರುತ್ತಾರೆ. ಲೈಕುಗಳನ್ನು ದುಡ್ಡಿಗೆ ಕೊಳ್ಳುವವರಿದ್ದಾರೆ. ಆ ಲೈಕುಗಳು ಬ್ಲೌಸ್ ಹೊಲಿಸುವುದಿಲ್ಲ.

ಇನ್ನೊಂದು ಎಚ್ಚರ. ಜಾಲತಾಣದಲ್ಲಿ ಕಟ್ಟಿದ ಅಂಗಡಿ ಬಾಡಿಗೆ ಜಾಗದಲ್ಲಿ ಕಟ್ಟಿದ ಅಂಗಡಿ. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಅಲ್ಲಿ ಲಕ್ಷಾಂತರ ಅಭಿಮಾನಿಗಳನ್ನು ಗಳಿಸಿದ್ದವರು ಇನ್ನೊಂದು ಕಡೆ ಮೊದಲಿನಿಂದ ಶುರುಮಾಡಬೇಕಾಯಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಸುಮಾರು ಆರು ಗಂಟೆ ಕಾಲ ಜಗತ್ತಿನಾದ್ಯಂತ ನಿಂತುಹೋದವು. ಅದಕ್ಕೇ ಗಿರಾಕಿಗಳ ಹೆಸರು, ನಂಬರು, ಅಳತೆ, ಅವರು ಕೇಳಿದ ಬಣ್ಣ, ಇವೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಇರಲಿ. ಅದು ನಿಮ್ಮ ಸ್ವಂತ ಆಸ್ತಿ. ಆ ನಂಬರುಗಳನ್ನು ಇನ್ನೊಬ್ಬರಿಗೆ ಕೊಡುವುದು, ಮಾರುವುದು ಬೇಡ.

ಕಾನೂನಿನ ವಿಷಯ ಮರೆಯಬಾರದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ದುಡ್ಡು ಅಥವಾ ಉಡುಗೊರೆ ಪಡೆದು ಹೊಗಳುವವರು ಅದು ಜಾಹೀರಾತು ಎಂದು ಹೇಳಲೇಬೇಕು. ಮನೆಯಲ್ಲೇ ಚಕ್ಕುಲಿ, ಉಪ್ಪಿನಕಾಯಿ ಮಾಡಿ ಮಾರುವವರೂ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಬೇಕು. ಮತ್ತೆ, ಪೋಷಕರೇ, ‘ದುಡ್ಡು ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಎಂದು ಯಾರಾದರೂ ಹೇಳಿದರೆ ಅದು ಮೋಸ. ದುಡ್ಡು ಪಡೆಯುವುದಕ್ಕೆ ಪಿನ್ ಹಾಕಬೇಕಾಗಿಲ್ಲ. ಸ್ಕ್ರೀನ್‌ಶಾಟ್ ನೋಡಿ ಸರಕು ಕೊಡಬೇಡಿ. ಖಾತೆಗೆ ಹಣ ಬಂದಿದೆಯೇ ನೋಡಿ ಕೊಡಿ.

ವಿದ್ಯಾರ್ಥಿಗಳೇ, ನಿಮಗೊಂದು ಕೆಲಸ. ಅಪ್ಪ ಅಮ್ಮ ಮಾಡುವ ಕಸುಬಿನ ಹೆಸರು ಹೇಳಲು ಕೆಲವರಿಗೆ ಸಂಕೋಚ ಇರುತ್ತದೆ. ಈ ಭಾನುವಾರ ಅವರ ಪಕ್ಕದಲ್ಲಿ ಕುಳಿತು, ಬೆಳಗಿನ ಬೆಳಕಿನಲ್ಲಿ ಅವರ ಕೈಕೆಲಸದ ಮೂರು ಫೋಟೊ ತೆಗೆಯಿರಿ. ಯಾರು ಮಾಡಿದ್ದು, ಹೇಗೆ ಮಾಡಿದ್ದು, ಬೆಲೆ ಎಷ್ಟು ಎಂದು ಶುದ್ಧ ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ. ಈ ಶಾಲೆಯಲ್ಲಿ ಕನ್ನಡ ಮೇಷ್ಟ್ರು ಕಲಿಸುವ ಪತ್ರಲೇಖನ, ಗಣಿತ ಮೇಡಂ ಕಲಿಸುವ ಲಾಭ ನಷ್ಟ, ಎರಡೂ ಅಲ್ಲಿ ಉಪಯೋಗಕ್ಕೆ ಬರುತ್ತವೆ. ಮನೆಯವರನ್ನು ಕೇಳಿ, ಅವರ ನಂಬರಿನಿಂದಲೇ, ಅವರ ಹೆಸರಿನಲ್ಲೇ ಹಾಕಿ. ಕಸುಬು ಮಾಡಿದವರ ಹೆಸರು ಗಿರಾಕಿಗೆ ಗೊತ್ತಾದರೆ ಮುಂದಿನ ಆರ್ಡರ್ ನೇರವಾಗಿ ಅವರಿಗೇ ಬರುತ್ತದೆ. ಯಾವ ಮನೆಯಲ್ಲಾದರೂ ಇದನ್ನು ಶುರುಮಾಡಲು ಸಹಾಯ ಬೇಕಿದ್ದರೆ, ನಾವು ಹಳೆಯ ವಿದ್ಯಾರ್ಥಿಗಳು ರಜಾದಿನಗಳಲ್ಲಿ ಬಂದು ಜೊತೆಗೆ ಕುಳಿತು ಹೇಳಿಕೊಡಲು ಸಿದ್ಧರಿದ್ದೇವೆ. ಮುಖ್ಯೋಪಾಧ್ಯಾಯರ ಹತ್ತಿರ ಹೆಸರು ಬರೆಸಿ.